ಅತಿಬಲ ನಾಯಕನ ಅಂತರಂಗ

ಕಥೆ ಹುಟ್ಟಿದಂದಿನಿಂದಲೂ ಮನುಷ್ಯನಿಗೆ ತನಗಿಂತ ಬಲಶಾಲಿಯಾದ ನಾಯಕನೊಬ್ಬ ಬೇಕಾಗಿದ್ದಾನೆ. ತಾನು ಎತ್ತಲಾರದ ಬಿಲ್ಲನ್ನು ಎತ್ತುವವನು, ತಾನು ದಾಟಲಾರದ ಕಡಲನ್ನು ದಾಟುವವನು, ತನ್ನನ್ನು ಹೆದರಿಸಿದವರನ್ನು ಹೆದರಿಸಬಲ್ಲವನು—ಇಂಥವನ ಕಥೆಯನ್ನು ಕೇಳುವಾಗ ಕೇಳುಗನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಇದು ಬಾಲಿಶವಾದ ಆಸೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ಮಾಡಿದವನು ಲೋಕದ ವೀರಕಾವ್ಯಗಳನ್ನೂ ಅದರೊಡನೆಯೇ ತಳ್ಳಿಹಾಕಬೇಕಾದೀತು. ಆದ್ದರಿಂದ ನಾಯಕನಿಗೆ ಬಲವೆಷ್ಟಿದೆ ಎಂಬ ಲೆಕ್ಕ ವಿಮರ್ಶಕನಿಗೆ ಮುಖ್ಯವಾಗದು. ಆ ಬಲ ಬಂದ ಮೇಲೆ ಅವನು ಏನಾದ, ಬರುವ ಮೊದಲು ಇದ್ದವನಿಗೂ ಬಂದ ಮೇಲೆ ಇರುವವನಿಗೂ ಯಾವ ಸಂಬಂಧ ಉಳಿಯಿತು—ವಿಮರ್ಶೆ ಕೇಳಬೇಕಾದುದು ಇದನ್ನು.

ಈ ಹಳೆಯ ಪ್ರಶ್ನೆಯನ್ನು ಹೊಸದಾಗಿ ಕೇಳುವಂತೆ ಮಾಡಿರುವುವು ಪೂರ್ವ ಏಷ್ಯದ ಅಂತರ್ಜಾಲ ಕಾದಂಬರಿಗಳು. ಚೀನದಲ್ಲಿ ೨೦೦೨ರಲ್ಲಿ ಆರಂಭವಾದ ಚಿದಿಯನ್, ಜಪಾನಿನಲ್ಲಿ ೨೦೦೪ರಲ್ಲಿ ಆರಂಭವಾದ ‘ಶೋಸೆತ್ಸುಕಾ ನಿ ನಾರೋ’, ಕೊರಿಯದ ಕಾಕಾವೋಪೇಜ್ ಮೊದಲಾದ ತಾಣಗಳಲ್ಲಿ ಲೆಕ್ಕವಿಲ್ಲದಷ್ಟು ಲೇಖಕರು ಕಂತುಕಂತಾಗಿ ಕಥೆ ಬರೆಯುತ್ತ ಬಂದಿದ್ದಾರೆ. ಜಪಾನಿನ ತಾಣದ ಹೆಸರಿಗೆ ‘ಕಾದಂಬರಿಕಾರರಾಗೋಣ’ ಎಂದೇ ಅರ್ಥ. ಓದುಗನಿಗೂ ಲೇಖಕನಿಗೂ ನಡುವೆ ಸಂಪಾದಕನಾಗಲಿ ಪ್ರಕಾಶಕನಾಗಲಿ ನಿಂತಿಲ್ಲದ ಬಯಲು ಅದು. ಈ ಕಥೆಗಳಲ್ಲಿ ಒಂದು ದೊಡ್ಡ ಬಣದ ಸೂತ್ರ ಹೆಚ್ಚುಕಡಿಮೆ ಒಂದೇ. ಯಾರೂ ಲೆಕ್ಕಕ್ಕಿಡದ ಒಬ್ಬ ಸಾಮಾನ್ಯನಿಗೆ ಯಾವುದೋ ಆಕಸ್ಮಿಕದಿಂದ ಹೋಲಿಕೆಯಿಲ್ಲದ ಶಕ್ತಿ ಒದಗುತ್ತದೆ. ಅಲ್ಲಿಂದ ಮುಂದೆ ಅವನ ಏರಿಕೆಯೇ ಕಥೆ. ಇಂಥವನನ್ನು ಅತಿಬಲ ನಾಯಕನೆಂದು ಕರೆಯಬಹುದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಹಲವರು ಈ ನಾಯಕರನ್ನು ಚಿತ್ರಕಥೆಗಳ ಮೂಲಕ, ಚಲಿಸುವ ಚಿತ್ರಮಾಲಿಕೆಗಳ ಮೂಲಕ ಚೆನ್ನಾಗಿ ಬಲ್ಲರು. ಸಾಹಿತ್ಯವನ್ನು ಪಾಠ ಹೇಳುವವರು ಇದನ್ನು ಕಾಣದಂತೆ ಇರುವುದಕ್ಕಿಂತ ಅದನ್ನು ತೂಗಿನೋಡುವುದು ಲೇಸು.

ಒಂದು ಕೊರಿಯನ್ ಕಥೆ

ತೂಗಲು ಒಂದು ಕೃತಿಯನ್ನೇ ಎತ್ತಿಕೊಳ್ಳೋಣ. ಚುಗೊಂಗ್ ಎಂಬ ಕಾವ್ಯನಾಮದ ಲೇಖಕ ೨೦೧೬ರಿಂದ ೨೦೧೮ರವರೆಗೆ ಧಾರಾವಾಹಿಯಾಗಿ ಬರೆದ ‘ಸೋಲೋ ಲೆವೆಲಿಂಗ್’ ಈ ಬಣದಲ್ಲಿ ಅತ್ಯಂತ ಹೆಸರಾದುದು. ೨೦೧೮ರಲ್ಲಿ ಅದು ಚಿತ್ರಕಥೆಯಾಗಿ ಬರತೊಡಗಿತು. ಅದಕ್ಕೆ ಚಿತ್ರ ಬರೆದ ಜಾಂಗ್ ಸುಂಗ್‌ರಾಕ್ ೨೦೨೨ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ೨೦೨೪ರಲ್ಲಿ ಜಪಾನಿನಲ್ಲಿ ಚಿತ್ರಮಾಲಿಕೆಯಾದ ಮೇಲಂತೂ ಕಥೆ ಭೂಮಂಡಲದ ಎಲ್ಲ ಕಡೆಗೂ ಹಬ್ಬಿತು.

ಕಥೆಯ ಜಗತ್ತಿನಲ್ಲಿ ಎಲ್ಲೆಂದರಲ್ಲಿ ಮಾಯಾದ್ವಾರಗಳು ತೆರೆಯುತ್ತವೆ. ಅವುಗಳ ಒಳಗಿನ ಗುಹೆಗಳಲ್ಲಿ ರಾಕ್ಷಸಪ್ರಾಣಿಗಳಿರುತ್ತವೆ. ಕೆಲವು ಮನುಷ್ಯರಲ್ಲಿ ಅವುಗಳೊಡನೆ ಹೋರಾಡುವ ಶಕ್ತಿ ಹಠಾತ್ತನೆ ಎಚ್ಚರಗೊಳ್ಳುತ್ತದೆ. ಇವರೇ ಬೇಟೆಗಾರರು. ಅವರಿಗೆ ದರ್ಜೆಗಳುಂಟು. ಎಚ್ಚರಗೊಂಡಾಗ ಸಿಕ್ಕ ದರ್ಜೆ ಸಾಯುವವರೆಗೂ ಬದಲಾಗದು. ಕೆಳಗಿನವನು ಎಷ್ಟೇ ಬೆವರು ಹರಿಸಿದರೂ ಕೆಳಗೇ ಇರಬೇಕು. ಸಂಗ್ ಜಿನ್‌ವೂ ಎಂಬ ತರುಣ ಈ ಏಣಿಯ ಕಟ್ಟಕಡೆಯ ಮೆಟ್ಟಿಲಿನವನು. ತಾಯಿ ಎಚ್ಚರಾಗದ ನಿದ್ದೆಯ ರೋಗದಿಂದ ಆಸ್ಪತ್ರೆಯಲ್ಲಿದ್ದಾಳೆ, ತಂದೆ ಒಂದು ದ್ವಾರದೊಳಗೆ ಕಾಣೆಯಾಗಿದ್ದಾನೆ, ತಂಗಿ ಓದುತ್ತಿದ್ದಾಳೆ. ಆಸ್ಪತ್ರೆಯ ಖರ್ಚಿಗಾಗಿ ಈತ ಪ್ರತಿಸಲವೂ ಗಾಯಗೊಂಡು, ಪ್ರತಿಸಲವೂ ನಗೆಪಾಟಲಾಗಿ ಗುಹೆಗೆ ಇಳಿಯುತ್ತಾನೆ.

ಈ ಆರಂಭ ನಿಜವಾಗಿಯೂ ಚೆನ್ನಾಗಿದೆ. ಅದರಲ್ಲಿಯೂ ಗುಹೆಯೊಳಗಿನ ಗುಹೆಯಲ್ಲಿ ನಡೆಯುವ ಮೊದಲ ದೊಡ್ಡ ಪ್ರಸಂಗ. ಅಲ್ಲಿ ಒಂದು ದೇಗುಲ. ಸುತ್ತ ಕಲ್ಲಿನ ವಿಗ್ರಹಗಳು. ನಡುವೆ ಸಿಂಹಾಸನದ ಮೇಲೆ ಒಂದು ದೈತ್ಯ ಮೂರ್ತಿ. ತನ್ನವರು ಒಬ್ಬೊಬ್ಬರಾಗಿ ಸಾಯುತ್ತಿರುವಾಗ ಆ ಸ್ಥಳದ ಕಟ್ಟಳೆಗಳನ್ನು ಓದಿ ಅರ್ಥಮಾಡಿಕೊಳ್ಳುವವನು ಎಲ್ಲರಿಗಿಂತ ದುರ್ಬಲನಾದ ಜಿನ್‌ವೂ. ತಲೆಬಾಗಬೇಕು, ಸ್ತುತಿಸಬೇಕು, ಶ್ರದ್ಧೆಯನ್ನು ತೋರಬೇಕು ಎಂಬ ಒಗಟನ್ನು ಬಿಡಿಸಿ ಉಳಿದವರು ಬದುಕುವ ದಾರಿಯನ್ನು ಅವನು ತೋರಿಸುತ್ತಾನೆ. ಕೊನೆಗೆ ಕಾಲು ಕಳೆದುಕೊಂಡು, ಇತರರನ್ನು ಹೊರಗೆ ಕಳುಹಿಸಿ, ಬಲಿಪೀಠದ ಮೇಲೆ ತಾನೊಬ್ಬನೇ ಉಳಿಯುತ್ತಾನೆ. ಹೆದರಿಕೆ ಇದೆ, ಬದುಕುವ ಆಸೆ ಇದೆ, ತನಗೇಕೆ ಹೀಗಾಯಿತೆಂಬ ಕಹಿ ಇದೆ. ಅವೆಲ್ಲವನ್ನೂ ಮೀರಿದ ಒಂದು ತೀರ್ಮಾನವೂ ಇದೆ. ಬಲವಿಲ್ಲದವನ ಬುದ್ಧಿ, ಬಲವಿಲ್ಲದವನ ತ್ಯಾಗ—ಎರಡೂ ಒಂದೇ ಪ್ರಸಂಗದಲ್ಲಿ ಬೆಳಕಿಗೆ ಬರುತ್ತವೆ. ಓದುಗ ಈ ತರುಣನ ಕೈಹಿಡಿದದ್ದು ಅಲ್ಲಿ.

ಆಮೇಲೆ ಅವನಿಗೆ ‘ವ್ಯವಸ್ಥೆ’ ಎಂಬ ಅದೃಶ್ಯ ಗುರು ದೊರೆಯುತ್ತದೆ. ಗಾಳಿಯಲ್ಲಿ ಅಕ್ಷರಗಳು ಮೂಡಿ ಅವನಿಗೆ ಆಜ್ಞೆ ಕೊಡುತ್ತವೆ: ದಿನಕ್ಕೆ ನೂರು ದಂಡ, ನೂರು ಬಸ್ಕಿ, ಮಲಗಿ ಏಳುವ ಕಸರತ್ತು ನೂರು, ಹತ್ತು ಕಿಲೋಮೀಟರ್ ಓಟ. ತಪ್ಪಿದರೆ ಶಿಕ್ಷೆ. ಮಾಡಿದರೆ ಶಕ್ತಿ, ಚುರುಕು, ಬುದ್ಧಿ ಎಲ್ಲವೂ ಅಂಕಿಗಳಾಗಿ ಏರುತ್ತವೆ. ದರ್ಜೆ ಬದಲಾಗದ ಲೋಕದಲ್ಲಿ ಅವನೊಬ್ಬನಿಗೆ ಮಾತ್ರ ಏರುವ ಹಕ್ಕು ಸಿಕ್ಕಿದೆ. ಇಲ್ಲಿಯವರೆಗೂ ಕಥೆಗೆ ದೋಷವಿಲ್ಲ. ದೋಷ ಬರುವುದು, ಏರುತ್ತಿರುವವನು ಯಾರೆಂಬುದನ್ನು ಕಥೆ ಮರೆಯತೊಡಗಿದಾಗ.

ಮೊದಲ ಕೊಲೆ

ಒಂದು ಪ್ರಸಂಗವನ್ನು ನೋಡಬೇಕು. ಹ್ವಾಂಗ್ ಡಾಂಗ್‌ಸುಕ್ ಎಂಬ ಬೇಟೆಗಾರನ ತಂಡ ಜಿನ್‌ವೂನನ್ನೂ ಯೂ ಜಿನ್‌ಹೋ ಎಂಬ ಶ್ರೀಮಂತರ ಮನೆಯ ಹುಡುಗನನ್ನೂ ಗುಹೆಗೆ ಕರೆದೊಯ್ದು, ದೈತ್ಯ ಜೇಡಕ್ಕೆ ಆಹಾರವಾಗಿ ಬಿಟ್ಟುಹೋಗುತ್ತದೆ. ಜಿನ್‌ವೂ ಜೇಡವನ್ನು ಕೊಲ್ಲುತ್ತಾನೆ. ತಿರುಗಿಬಂದ ಕಪಟಿಗಳು ಜಿನ್‌ಹೋನಿಗೆ ಒಂದು ಷರತ್ತು ಹಾಕುತ್ತಾರೆ: ಜೊತೆಗಾರನನ್ನು ಕೊಂದರೆ ನೀನು ಬದುಕುವೆ. ನಡುಗುತ್ತಲೇ ಆ ಹುಡುಗ ಒಲ್ಲೆನೆನ್ನುತ್ತಾನೆ. ಆಗ ವ್ಯವಸ್ಥೆ ಜಿನ್‌ವೂನಿಗೆ ಆಜ್ಞೆ ಮಾಡುತ್ತದೆ: ಎದುರಿಗಿರುವವರನ್ನು ಕೊಲ್ಲು, ಇಲ್ಲವಾದರೆ ನಿನ್ನ ಹೃದಯ ನಿಲ್ಲುವುದು. ಅವನು ಕೊಲ್ಲುತ್ತಾನೆ.

ಮನುಷ್ಯನೊಬ್ಬ ಮೊದಲ ಸಲ ಮನುಷ್ಯರನ್ನು ಕೊಂದ ಘಳಿಗೆ ಇದು. ಅದಕ್ಕಿಂತ ಹೆಚ್ಚಾಗಿ, ತನಗೆ ಬಲ ಕೊಟ್ಟ ಗುರು ಕೊಲೆಯನ್ನು ಗುರುದಕ್ಷಿಣೆಯಾಗಿ ಕೇಳಬಲ್ಲುದೆಂದು ಅವನಿಗೆ ತಿಳಿದ ಘಳಿಗೆ. ಪಾತ್ರಪೋಷಣೆಗೆ ಇದಕ್ಕಿಂತ ಸಮೃದ್ಧವಾದ ಸಂದರ್ಭ ಕಾದಂಬರಿಕಾರನಿಗೆ ಅಪರೂಪವಾಗಿ ಸಿಗುತ್ತದೆ. ನನ್ನ ಬಲ ನನ್ನದೇ, ಅಥವಾ ನಾನೇ ಬಲದ ಆಳೇ? ಬಲಿಪೀಠದ ಮೇಲೆ ಇತರರಿಗಾಗಿ ಉಳಿದವನೂ ಇಲ್ಲಿ ಕತ್ತಿ ಬೀಸಿದವನೂ ಒಬ್ಬನೇ ಹೇಗೆ? ಈ ಪ್ರಶ್ನೆಗಳು ಅವನ ನಿದ್ದೆಗೆಡಿಸಬೇಕಾಗಿತ್ತು. ಆದರೆ ಲೇಖಕ ನಾಯಕನನ್ನು ಎರಡು ಕಡೆಯಿಂದ ಖುಲಾಸೆ ಮಾಡಿಬಿಟ್ಟಿದ್ದಾನೆ: ಸತ್ತವರು ಕೊಲೆಪಾತಕಿಗಳು, ಕೊಲ್ಲಿಸಿದ್ದು ವ್ಯವಸ್ಥೆ. ಹೀಗಾಗಿ ಕೊಲೆಯ ಭಾರ ಮುಂದಿನ ಕಂತುಗಳಲ್ಲಿ ಹೆಚ್ಚು ದೂರ ಬರುವುದಿಲ್ಲ. ಸತ್ತವನ ತಮ್ಮ ಹ್ವಾಂಗ್ ಡಾಂಗ್‌ಸೂ ಬಹಳ ಮುಂದೆ ಸೇಡು ತೀರಿಸಿಕೊಳ್ಳಲು ಬರುತ್ತಾನೆ, ಜಿನ್‌ಹೋನನ್ನು ಹಿಂಸಿಸುತ್ತಾನೆ, ಜಿನ್‌ವೂನ ಕೈಯಲ್ಲಿ ತಾನೂ ಸಾಯುತ್ತಾನೆ. ಮಾಡಿದ ಕೆಲಸದ ಫಲ ಘಟನೆಯ ರೂಪದಲ್ಲಿ ಹಿಂದಿರುಗಿತು. ನೆನಪಿನ ರೂಪದಲ್ಲಿ ಹಿಂದಿರುಗಲಿಲ್ಲ.

ಇನ್ನೊಂದು ಮಾತು. ಆ ಗುಹೆಯಲ್ಲಿ ನಿಜವಾದ ಧೈರ್ಯ ತೋರಿದವನು ಯಾರು? ಕೊಂದರೆ ಬದುಕು, ಕೊಲ್ಲದಿದ್ದರೆ ಸಾವು ಎಂಬ ಒಂದೇ ಬಗೆಯ ಆಜ್ಞೆ ಇಬ್ಬರಿಗೂ ಬಂದಿತ್ತು. ಬಲವಿಲ್ಲದ ಜಿನ್‌ಹೋ ಅದನ್ನು ನಿರಾಕರಿಸಿದ. ಬಲವಿದ್ದ ಜಿನ್‌ವೂ ಪಾಲಿಸಿದ. ಒಬ್ಬನಿಗೆ ನಿರಪರಾಧಿಯನ್ನೂ ಇನ್ನೊಬ್ಬನಿಗೆ ಅಪರಾಧಿಗಳನ್ನೂ ಕೊಲ್ಲಲು ಹೇಳಿತ್ತೆಂಬ ಅಂತರ ನಿಜವೇ. ಆದರೂ ಕಥೆ ತನ್ನ ಕೈಯಲ್ಲೇ ಇದ್ದ ಈ ಜೋಡಿಚಿತ್ರವನ್ನು ಗಮನಿಸಿದಂತೆ ಕಾಣುವುದಿಲ್ಲ. ಜಿನ್‌ಹೋ ಅಂದಿನಿಂದ ಜಿನ್‌ವೂನನ್ನು ‘ಅಣ್ಣ’ ಎಂದು ಕರೆಯುತ್ತ ಬೆನ್ನು ಹಿಡಿಯುವ ಹಾಸ್ಯಪಾತ್ರವಾಗುತ್ತಾನೆ.

ಕಾರಣ ಮುಗಿದ ಮೇಲೆ

ಜಿನ್‌ವೂ ಬಲ ಬಯಸಿದ್ದು ತಾಯಿಗಾಗಿ. ಮಾಯಾಕೋಟೆಯನ್ನು ಹತ್ತಿ, ಸಂಜೀವಿನಿಗೆ ಸಮನಾದ ತೀರ್ಥಕ್ಕೆ ಬೇಕಾದ ಸಾಮಗ್ರಿಗಳನ್ನು ತಂದು, ಅವನು ತಾಯಿಯನ್ನು ಎಬ್ಬಿಸುತ್ತಾನೆ. ಕಥೆಯಲ್ಲಿ ಕಣ್ಣು ತೇವವಾಗುವ ಪುಟಗಳಿವು. ಆದರೆ ಇಲ್ಲಿಗೆ ಅವನ ಕಾರಣ ಮುಗಿಯಿತು. ಮುಂದಿನ ನೂರಾರು ಪುಟಗಳಲ್ಲಿ ಅವನು ಏಕೆ ಏರುತ್ತಾನೆ? ಕೆಲವೊಮ್ಮೆ ದೇಶಕ್ಕಾಗಿ, ಕೆಲವೊಮ್ಮೆ ಕುತೂಹಲಕ್ಕಾಗಿ, ಕೆಲವೊಮ್ಮೆ ಏರುವ ಸುಖಕ್ಕಾಗಿಯೇ. ಇವುಗಳಲ್ಲಿ ಯಾವುದೂ ಮನುಷ್ಯನಿಗೆ ಅಸಹಜವಲ್ಲ. ಒಂದು ಆಸೆ ಹೋಗಿ ಇನ್ನೊಂದು ಬಂದ ಸಂಧಿಯನ್ನು ಮಾತ್ರ ನಮಗೆ ತೋರಿಸಿಲ್ಲ. ಮನೆಯಲ್ಲಿ ಅವನು ಸಂಕೋಚದ ಹುಡುಗ, ಅಕ್ಕರೆಯ ಅಣ್ಣ. ಹೊರಗೆ ಸತ್ತವರ ನೆರಳುಗಳನ್ನು ಸೈನ್ಯವಾಗಿ ಎಬ್ಬಿಸುವ ತಣ್ಣಗಿನ ದೊರೆ. ಈ ಎರಡು ಕೋಣೆಗಳ ನಡುವೆ ಬಾಗಿಲಿಲ್ಲ. ಇಂದು ಕನಿಕರ ಬೇಕಾದರೆ ಒಂದು ಕೋಣೆಯಿಂದ, ನಾಳೆ ದರ್ಪ ಬೇಕಾದರೆ ಇನ್ನೊಂದರಿಂದ ಲೇಖಕ ನಾಯಕನನ್ನು ಹೊರಗೆ ಕರೆಯುತ್ತಾನೆ.

ಲೇಖಕನಿಗೆ ಶಕ್ತಿಯಿರಲಿಲ್ಲವೆಂದು ಹೇಳುವಂತಿಲ್ಲ. ಜೇಜು ದ್ವೀಪದ ಯುದ್ಧದಲ್ಲಿ ಮಿನ್ ಬ್ಯುಂಗ್‌ಗ್ಯೂ ಎಂಬ ಗಾಯ ಮಾಯಿಸುವ ಬೇಟೆಗಾರ ಸತ್ತುಹೋಗುತ್ತಾನೆ. ಸಾಯುತ್ತಿರುವ ಚಾ ಹೇಯಿನ್‌ಳನ್ನು ಉಳಿಸಲು ಜಿನ್‌ವೂ ಅವನನ್ನು ನೆರಳಾಗಿ ಎಬ್ಬಿಸುತ್ತಾನೆ. ಕೆಲಸವಾದ ಮೇಲೆ ಆ ನೆರಳನ್ನು ತನ್ನ ಸೈನ್ಯದಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಲಾಭದ ಲೆಕ್ಕದಲ್ಲಿ ಅದೇ ಸರಿ. ಅವನು ಹಾಗೆ ಮಾಡದೆ ಸತ್ತವನನ್ನು ಸಾವಿಗೆ ಗೌರವದಿಂದ ಹಿಂದಿರುಗಿಸುತ್ತಾನೆ. ಎಲ್ಲವನ್ನೂ ಮಾಡಬಲ್ಲವನು ಒಂದನ್ನು ಮಾಡದೆ ಬಿಟ್ಟಾಗ ಅವನು ಯಾರೆಂಬುದು ತಿಳಿಯುತ್ತದೆ. ಬಲಿಪೀಠದ ಮೇಲಿದ್ದ ತರುಣ ಇಲ್ಲಿ ಒಂದು ಕ್ಷಣ ಮರಳಿಬಂದಿದ್ದಾನೆ. ಇಂಥ ಕ್ಷಣಗಳು ಇನ್ನಷ್ಟು ಇರಬೇಕಾಗಿತ್ತು.

ಕಥೆಯ ಕೊನೆಯಂತೂ ಕೈತಪ್ಪಿದ ಅವಕಾಶಕ್ಕೆ ದೊಡ್ಡ ಉದಾಹರಣೆ. ಜಿನ್‌ವೂ ಒಂದು ಮಾಯಾಪಾತ್ರೆಯ ಬಲದಿಂದ ಕಾಲವನ್ನು ಹತ್ತು ವರ್ಷ ಹಿಂದಕ್ಕೆ ತಿರುಗಿಸಿ, ಲೋಕಗಳ ನಡುವಣ ಬಿರುಕಿನಲ್ಲಿ ತನ್ನ ನೆರಳುಗಳೊಡನೆ ೨೭ ವರ್ಷ ಯುದ್ಧಮಾಡಿ, ಭೂಮಿಗೆ ಶಾಲಾಬಾಲಕನ ಮೈಯಲ್ಲಿ ಹಿಂದಿರುಗುತ್ತಾನೆ. ಅವನು ಉಳಿಸಿದ ಲೋಕಕ್ಕೆ ಅವನು ಉಳಿಸಿದನೆಂಬ ನೆನಪಿಲ್ಲ. ಮನುಷ್ಯ ಮುಖವೊಂದನ್ನೂ ಕಾಣದ ೨೭ ವರ್ಷ! ಹದಿಹರೆಯದ ಮುಖದ ಹಿಂದೆ ಕೂತ ಮುದಿ ಸೈನಿಕ! ಒಬ್ಬ ಸಮರ್ಥ ಕಾದಂಬರಿಕಾರನಿಗೆ ಇದೊಂದೇ ಒಂದು ಕಾದಂಬರಿಗೆ ಸಾಕು. ಇಲ್ಲಿ ಅದು ಕೆಲವೇ ಮಾತುಗಳಲ್ಲಿ ಮುಗಿದು, ನಾಯಕ ತರಗತಿಗೆ ಹೋಗುತ್ತಾನೆ.

ಧಾರಾವಾಹಿಯ ತಪ್ಪೇ?

ಇದಕ್ಕೆ ಪ್ರಕಟಣೆಯ ಪದ್ಧತಿಯೇ ಕಾರಣವೆಂದು ಹೇಳುವವರುಂಟು. ಆ ಮಾತಿನಲ್ಲಿ ಸತ್ಯಾಂಶವಿದೆ. ಚೀನದ ತಾಣಗಳಲ್ಲಿ ಓದುಗ ಅಧ್ಯಾಯವೊಂದಕ್ಕೆ ಅದರ ಅಕ್ಷರಗಳ ಎಣಿಕೆಯ ಮೇಲೆ ಹಣ ತೆರುವ ಪದ್ಧತಿ ಬೇರೂರಿದೆ. ಜಪಾನಿನ ತಾಣದಲ್ಲಿ ಓದುಗರ ಅಂಕಗಳಿಂದ ಕಥೆಗಳ ಸ್ಥಾನ ನಿರ್ಧಾರವಾಗುತ್ತದೆ. ಕಂತು ತಪ್ಪಿದರೆ ಓದುಗ ತಪ್ಪಿದ. ಕಂತಿನಲ್ಲಿ ಗೆಲುವಿಲ್ಲದಿದ್ದರೆ ಓದುಗ ಮುನಿದ. ನಾಯಕ ಒಂದು ವಾರ ಸೋತು ಕೂತು ತನ್ನನ್ನು ತಾನು ಪ್ರಶ್ನಿಸಿಕೊಳ್ಳಲು ಅಲ್ಲಿ ಬಿಡುವಿಲ್ಲ. ಬರೆದುದನ್ನು ಹಿಂದಿರುಗಿ ತಿದ್ದುವ ವ್ಯವಧಾನವೂ ಇಲ್ಲ. ಅಂಕಿಗಳು ಏರುವುದನ್ನು ತೋರಿಸುವುದು ಸುಲಭ. ಮನಸ್ಸು ಬದಲಾಗುವುದನ್ನು ತೋರಿಸುವುದು ಕಷ್ಟ. ಆತುರದಲ್ಲಿ ಮನುಷ್ಯ ಸುಲಭವಾದುದನ್ನು ಹಿಡಿಯುತ್ತಾನೆ.

ಆದರೂ ಧಾರಾವಾಹಿಯ ಮೇಲೆಯೇ ಎಲ್ಲ ಹೊರೆಯನ್ನೂ ಹೊರಿಸುವಂತಿಲ್ಲ. ಅಲೆಕ್ಸಾಂಡರ್ ಡ್ಯೂಮಾನ ‘ಮಾಂಟೆ ಕ್ರಿಸ್ಟೋ’ ೧೮೪೪ರಿಂದ ೧೮೪೬ರವರೆಗೆ ಪ್ಯಾರಿಸಿನ ಒಂದು ದಿನಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಥೆ. ಕಾಯುವ ಓದುಗರಿಗಾಗಿ, ಹಣಕ್ಕಾಗಿ, ಅವಸರದಲ್ಲಿ ಬರೆದದ್ದು. ಅದರ ನಾಯಕನೂ ಅತಿಬಲನೇ. ಮಾಡದ ತಪ್ಪಿಗೆ ಸೆರೆಯಲ್ಲಿ ಕೊಳೆತ ಎಡ್ಮಂಡ್ ದಾಂತೆ ನಿಧಿ ಪಡೆದು ಹೊರಬಂದ ಮೇಲೆ ಅವನಿಗೆ ತಿಳಿಯದ ಗುಟ್ಟಿಲ್ಲ, ಕೊಳ್ಳಲಾಗದ ಮನುಷ್ಯನಿಲ್ಲ, ತಪ್ಪುವ ಲೆಕ್ಕವಿಲ್ಲ. ತಾನು ದೈವದ ಕೈಯೆಂದೇ ಅವನು ನಂಬಿದ್ದಾನೆ. ವೈರಿಗಳು ಒಬ್ಬೊಬ್ಬರಾಗಿ ಉರುಳುತ್ತಾರೆ. ಅಷ್ಟರಲ್ಲಿ ಅವನ ಲೆಕ್ಕದಲ್ಲಿಲ್ಲದ ಒಂದು ಸಂಗತಿ ನಡೆದುಬಿಡುತ್ತದೆ: ವಿಲ್‌ಫೋರ್‌ನ ಮನೆಯಲ್ಲಿ ಏನೂ ಅರಿಯದ ಎಳೆಯ ಮಗ ವಿಷಕ್ಕೆ ಬಲಿಯಾಗುತ್ತಾನೆ. ಎಲ್ಲವನ್ನೂ ಮಾಡಬಲ್ಲ ದಾಂತೆ ಆ ಮಗುವನ್ನು ಬದುಕಿಸಲು ಪ್ರಯತ್ನಿಸಿ ಸೋಲುತ್ತಾನೆ. ಆಮೇಲೆ ಅವನು ತಾನು ಕೊಳೆತ ಸೆರೆಮನೆಯನ್ನೇ ಮತ್ತೆ ನೋಡಲು ಹೋಗುತ್ತಾನೆ. ಕೊನೆಯ ವೈರಿಯನ್ನು ಕೊಲ್ಲದೆ ಬಿಡುತ್ತಾನೆ. ಕಂತಿನ ಗಡಿಯಾರ ಡ್ಯೂಮಾನ ತಲೆಯ ಮೇಲೂ ಹೊಡೆಯುತ್ತಿತ್ತು. ಹಾಗಿದ್ದೂ ನಾಯಕ ತಾನು ಮಾಡಿದ್ದನ್ನು ನೆನೆಯಲು ಅವನು ಸ್ಥಳ ಮಾಡಿಕೊಟ್ಟ.

ಲಾಕ್ಷಣಿಕರ ಮಾತು

ನಮ್ಮ ಪ್ರಾಚೀನ ಲಾಕ್ಷಣಿಕರಿಗೆ ಈ ಸಮಸ್ಯೆ ಅಪರಿಚಿತವಾಗಿರಲಿಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಪ್ರಕೃತಿಯ ಔಚಿತ್ಯವನ್ನು ಚರ್ಚಿಸುತ್ತ ಅತಿಬಲದ ಪ್ರಶ್ನೆಯನ್ನೇ ಎತ್ತಿದ್ದಾನೆ. ಕೇವಲ ಮನುಷ್ಯನಾದ ಅರಸನಿಗೆ ಏಳು ಕಡಲುಗಳನ್ನು ದಾಟುವಂಥ ಸಾಹಸಗಳನ್ನು ಹೊರಿಸಿದರೆ, ವರ್ಣನೆ ಎಷ್ಟು ಭವ್ಯವಾಗಿದ್ದರೂ ನೀರಸವಾಗುತ್ತದೆಂಬುದು ಅವನ ನಿಲುವು. ಸಾತವಾಹನನು ನಾಗಲೋಕಕ್ಕೆ ಹೋದ ಕಥೆಯಿದೆಯಲ್ಲ ಎಂಬ ಆಕ್ಷೇಪವನ್ನೂ ಅವನೇ ಮುಂದಿಟ್ಟು ಉತ್ತರಿಸುತ್ತಾನೆ: ಪರಾಕ್ರಮವನ್ನು ಹಿಗ್ಗಿಸಬಾರದೆಂದಿಲ್ಲ; ದೈವಾಂಶವೂ ಮಾನವಾಂಶವೂ ಬೆರೆತ ಕಥೆಯಲ್ಲಿ ಎರಡಕ್ಕೂ ಎಡೆಯುಂಟು; ಆದರೆ ಪಾತ್ರದ ಪ್ರಕೃತಿ ಯಾವುದೋ ಭಾವವೂ ಅದಕ್ಕೆ ತಕ್ಕುದಾಗಿರಬೇಕು. ಹಾಗಾದರೆ ಕೊರಿಯನ್ ಕಥೆಯ ನಾಯಕ ಎಷ್ಟು ಅಸಾಧ್ಯವಾದುದನ್ನು ಮಾಡಿದರೂ ಆನಂದವರ್ಧನ ತಡೆಯಲಾರ. ಇವನು ದೇವನಾದಾಗ ಇವನ ದುಃಖವೇನಾಯಿತು ಎಂದು ಮಾತ್ರ ಕೇಳಿಯಾನು.

ಹತ್ತನೆಯ ಶತಮಾನದ ‘ದಶರೂಪಕ’ದಲ್ಲಿ ಧನಂಜಯ ಇನ್ನೂ ವ್ಯಾವಹಾರಿಕವಾದ ಸಲಹೆ ಕೊಡುತ್ತಾನೆ. ನಾಯಕನ ಸ್ವಭಾವಕ್ಕೆ ಹೊಂದದ ಸಂಗತಿ ಮೂಲಕಥೆಯಲ್ಲಿದ್ದರೆ ನಾಟಕಕಾರ ಅದನ್ನು ಬಿಡಬೇಕು, ಇಲ್ಲವೆ ಬದಲಿಸಬೇಕು. ವ್ಯಾಖ್ಯಾನಕಾರ ಧನಿಕ ಇದಕ್ಕೆ ವಾಲಿವಧೆಯನ್ನೇ ಉದಾಹರಿಸುತ್ತಾನೆ. ಮರೆಯಲ್ಲಿ ನಿಂತು ಕೊಂದುದನ್ನು ಮಾಯುರಾಜ ತನ್ನ ‘ಉದಾತ್ತರಾಘವ’ದಲ್ಲಿ ಕೈಬಿಟ್ಟ; ಭವಭೂತಿಯಾದರೋ ‘ಮಹಾವೀರಚರಿತ’ದಲ್ಲಿ ರಾವಣನ ಸ್ನೇಹಕ್ಕಾಗಿ ವಾಲಿಯೇ ರಾಮನನ್ನು ಕೊಲ್ಲಬಂದನೆಂದು ಕಥೆಯನ್ನು ತಿರುಗಿಸಿದ. ಕವಿಗಳು ರಾಮನ ಬಾಣದ ವೇಗದ ಬಗ್ಗೆ ತಲೆಕೆಡಿಸಿಕೊಂಡವರಲ್ಲ. ಬಾಣ ಬಿಟ್ಟ ಕೈ ಅದೇ ರಾಮನ ಕೈಯಾಗಿರಬೇಕೆಂದು ತಲೆಕೆಡಿಸಿಕೊಂಡರು.

ಇಲ್ಲಿ ಒಂದು ಆಕ್ಷೇಪ ಬರಬಹುದು. ನಿಜವಾದ ಮನುಷ್ಯರೇ ಅಸಂಗತರಲ್ಲವೆ? ಬೆಳಿಗ್ಗೆ ಕರುಣಾಳುವಾದವನು ಸಂಜೆ ಕ್ರೂರನಾಗುವುದನ್ನು ನಾವು ಕಂಡಿಲ್ಲವೆ? ಕಂಡಿದ್ದೇವೆ. ಪಾತ್ರ ಅಸಂಗತವೇ ಆಗಿದ್ದರೆ ಆ ಅಸಂಗತಿಯಲ್ಲಿಯೂ ಒಂದು ಸಂಗತಿಯಿರಬೇಕೆಂದು ಅರಿಸ್ಟಾಟಲ್ ಬಹಳ ಹಿಂದೆಯೇ ಸೂಚಿಸಿದ್ದಾನೆ. ಮನುಷ್ಯನ ಒಡಕು ಅವನೊಳಗಿನದಾದರೆ ಅದು ಪಾತ್ರ. ಕಂತಿನ ಅನುಕೂಲಕ್ಕಾಗಿ ಹೊರಗಿನಿಂದ ಬಿದ್ದುದಾದರೆ ಅದು ಲೇಖಕನ ಮರೆವು.

ದಾರಿ ಕಂಡವರು

ಅಂತರ್ಜಾಲದ ಲೇಖಕರಲ್ಲಿಯೇ ಈ ವಿವೇಕವನ್ನು ತೋರಿದವರಿದ್ದಾರೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಜಪಾನಿನ ಮರುಯಾಮಾ ಕುಗಾನೆ ೨೦೧೦ರಲ್ಲಿ ಅಂತರ್ಜಾಲದಲ್ಲಿ ಆರಂಭಿಸಿ ೨೦೧೨ರಿಂದ ಪುಸ್ತಕರೂಪದಲ್ಲಿ ತಂದ ‘ಓವರ್‌ಲಾರ್ಡ್’ ಕಥೆಯಲ್ಲಿ ಸುಜುಕಿ ಸಾತೋರು ಎಂಬ ಸಾಮಾನ್ಯ ನೌಕರ, ತಾನು ಆಡುತ್ತಿದ್ದ ಗಣಕದ ಆಟದ ಅಸ್ಥಿಪಂಜರ ಮಾಂತ್ರಿಕನ ದೇಹದಲ್ಲಿಯೇ ಹೊಸ ಲೋಕವೊಂದರಲ್ಲಿ ಸಿಕ್ಕಿಕೊಳ್ಳುತ್ತಾನೆ. ಅವನಿಗೆ ಎದುರಿಲ್ಲ. ಅವನೂ ಮನುಷ್ಯರನ್ನು ಹುಳುಗಳಂತೆ ಕಾಣತೊಡಗುತ್ತಾನೆ. ಆದರೆ ಇಲ್ಲಿ ಕಾರಣವನ್ನು ಮೊದಲೇ ಇಟ್ಟಿದೆ: ಆ ಸತ್ತ ದೇಹ ಭಾವ ಉಕ್ಕಿದೊಡನೆ ಅದನ್ನು ಅಡಗಿಸಿಬಿಡುತ್ತದೆ. ಉಳಿದಿರುವುದು ಒಂದು ನೆನಪು. ಜೊತೆಯಲ್ಲಿ ಆಡಿ ಬಿಟ್ಟುಹೋದ ಗೆಳೆಯರ ಕೂಟದ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡು, ಎಲ್ಲಿಯಾದರೂ ಅವರ ಕಿವಿಗೆ ಬಿದ್ದೀತೆಂದು ಅವನು ಕಾಯುತ್ತಾನೆ. ಸಿಂಹಾಸನದ ಮೇಲೆ ಕೂತು, ತಾನು ಸಾಮಾನ್ಯನೆಂಬುದು ಸೇವಕರಿಗೆ ತಿಳಿದೀತೆಂದು ಒಳಗೇ ಅಳುಕುತ್ತಾನೆ. ಅವನ ಕೆಲಸಗಳು ನಮಗೆ ಒಪ್ಪಿಗೆಯಾಗಲಾರವು. ಅವನು ಯಾರೆಂಬುದರಲ್ಲಿ ಮಾತ್ರ ಸಂಶಯ ಬಾರದು.

‘ಒನ್’ ಎಂಬ ಹೆಸರಿನ ಇನ್ನೊಬ್ಬ ಜಪಾನೀ ಲೇಖಕ ೨೦೦೯ರಲ್ಲಿ ಅಂತರ್ಜಾಲದಲ್ಲಿ ಆರಂಭಿಸಿದ ‘ಒನ್ ಪಂಚ್ ಮ್ಯಾನ್’ ಚಿತ್ರಕಥೆಯ ದಾರಿ ಬೇರೆ. ಒಂದೇ ಗುದ್ದಿನಿಂದ ಎಲ್ಲರನ್ನೂ ಸೋಲಿಸಬಲ್ಲ ಸೈತಾಮಾ ತನ್ನ ಬಲದ ಗುಟ್ಟನ್ನು ಹೇಳುವಾಗ ಕೊಡುವ ಪಟ್ಟಿಯೂ ಅದೇ: ನೂರು ದಂಡ, ನೂರು ಬಸ್ಕಿ, ಮಲಗಿ ಏಳುವುದು ನೂರು, ಹತ್ತು ಕಿಲೋಮೀಟರ್ ಓಟ. ಅದನ್ನು ಕೇಳಿದವರು ಬೆಪ್ಪಾಗುತ್ತಾರೆ. ಇಲ್ಲಿ ನಗೆಯಾಗಿದ್ದ ಪಟ್ಟಿ ಏಳು ವರ್ಷಗಳ ಮೇಲೆ ಕೊರಿಯದಲ್ಲಿ ಗಂಭೀರವಾದ ವಿಧಿಯಾಯಿತೆಂಬುದು ಸ್ವಾರಸ್ಯದ ಸಂಗತಿ. ಸೈತಾಮಾನಿಗೆ ಬಲದ ಬೆಲೆ ತಿಳಿದಿದೆ: ತಲೆಗೂದಲು ಹೋಯಿತು, ಅದಕ್ಕಿಂತ ಮಿಗಿಲಾಗಿ ಹೋರಾಟದ ಉಲ್ಲಾಸ ಹೋಯಿತು. ಲೋಕವನ್ನು ಉಳಿಸಿದ ದಿನವೂ ಅಂಗಡಿಯ ರಿಯಾಯಿತಿ ಮಾರಾಟ ತಪ್ಪಿತೇನೋ ಎಂಬ ಚಿಂತೆ ಅವನಿಗೆ. ಬಲ ಎಷ್ಟೇ ಬೆಳೆದರೂ ಬಡ ಬಾಡಿಗೆಮನೆಯ ಆ ತರುಣ ಅದರಡಿಯಲ್ಲಿ ಹೂತುಹೋಗಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಪಂಪನ ನೆನಪು ಬಾರದಿರದು. ಕ್ರಿ.ಶ. ೯೪೧ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ಅವನ ಮುಂದೆ ಇಂಥದೇ ಕಟ್ಟುಪಾಡಿತ್ತು. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ, ಆ ನಾಯಕನನ್ನು ಎಲ್ಲರಿಗಿಂತ ಮೇಲೆತ್ತಬೇಕು. ದ್ರೌಪದಿ ಅವನೊಬ್ಬನ ಪತ್ನಿಯಾದಳು. ಪಟ್ಟಾಭಿಷೇಕವೂ ಅವನಿಗೇ ಆಯಿತು. ಇಷ್ಟೆಲ್ಲ ಮಾಡಿಯೂ ಓದುಗನ ಹೃದಯ ಹೋಗುವುದು ಕರ್ಣನೆಡೆಗೆ. ಕವಿಯ ಹೃದಯವೂ ಅಲ್ಲಿಗೇ ಹೋಗಿದೆ. ಕರ್ಣ ಸೋಲುವವನೆಂಬುದಷ್ಟೇ ಇದಕ್ಕೆ ಕಾರಣವಲ್ಲ. ಅವನು ಮರೆಯದವನು. ತಾನು ಕುಂತಿಯ ಮಗನೆಂದು ತಿಳಿದ ಮೇಲೂ, ತನ್ನನ್ನು ಕೈಹಿಡಿದು ಎತ್ತಿದವನಾರೆಂಬುದನ್ನು ಮರೆಯಲಾರದೆ ಅವನು ಸಾವಿನೆಡೆಗೆ ನಡೆಯುತ್ತಾನೆ. ಬಲದ ತಕ್ಕಡಿಯಲ್ಲಿ ಅರ್ಜುನ ತೂಗಿದ. ನೆನಪಿನ ತಕ್ಕಡಿಯಲ್ಲಿ ಕರ್ಣ ತೂಗಿದ.

ಈ ಚರ್ಚೆಯಲ್ಲಿ ಕೇವಲ ಕುಶಲಕಲೆಯ ಮಾತಿಗಿಂತ ಹೆಚ್ಚಿನದೊಂದು ಅಡಗಿದೆ. ದುರ್ಬಲನಾಗಿದ್ದಾಗ ಕನಿಕರವಿದ್ದ ನಾಯಕ, ಬಲ ಬರುತ್ತಿದ್ದಂತೆ ಅದನ್ನು ಹಳೆಯ ಅಂಗಿಯಂತೆ ಕಳಚಿಬಿಟ್ಟರೆ, ಮತ್ತು ಕಥೆ ಅದನ್ನು ಗಮನಿಸದೆ ಮುಂದೆ ಸಾಗಿದರೆ, ಓದುಗನಿಗೆ ದೊರೆಯುವ ತಿಳಿವಳಿಕೆಯೇನು? ಕನಿಕರವೆಂಬುದು ಬಲವಿಲ್ಲದವರು ಬೇರೆ ಗತಿಯಿಲ್ಲದೆ ಹಿಡಿದುಕೊಂಡ ಗುಣ. ಶಕ್ತಿ ಬಂದವನಿಗೆ ಅದರ ಅಗತ್ಯವಿಲ್ಲ ಎಂದು. ಲೇಖಕ ಹೀಗೆ ಹೇಳಬೇಕೆಂದು ಹೊರಟಿರಲಾರ. ಆದರೆ ಪಾತ್ರದ ಬಿರುಕಿನಿಂದ ಈ ಮಾತು ತಾನಾಗಿಯೇ ಹೊರಬರುತ್ತದೆ. ತಾನು ಏಣಿಯ ಕೆಳಮೆಟ್ಟಿಲಿನಲ್ಲಿದ್ದೇನೆಂದು ಭಾವಿಸಿ, ಅಂಕಗಳಿಂದಲೂ ದರ್ಜೆಗಳಿಂದಲೂ ದಿನವೂ ಅಳೆಯಿಸಿಕೊಳ್ಳುತ್ತ ಇಂಥ ಕಥೆಗಳಲ್ಲಿ ಸಮಾಧಾನ ಹುಡುಕುವ ತರುಣ ಓದುಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅವನ ಅವಮಾನವನ್ನು ಅರಿತು ಆರಂಭವಾದ ಕಥೆ, ಅವನಂಥವರನ್ನೇ ತಿರುಗಿ ನೋಡದ ನಾಯಕನಲ್ಲಿ ಕೊನೆಗೊಳ್ಳುತ್ತದೆ.

ಕನ್ನಡದಲ್ಲಿಯೂ ಈಗ ತರುಣರು ಅಂತರ್ಜಾಲದಲ್ಲಿ ಧಾರಾವಾಹಿಗಳನ್ನು ಬರೆಯುತ್ತಿದ್ದಾರೆ. ೨೦೧೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಂಥ ತಾಣಗಳು ಅವರಿಗೆ ಓದುಗರನ್ನು ಒದಗಿಸಿವೆ. ಅವರಲ್ಲಿ ಕೆಲವರಾದರೂ ಅತಿಬಲ ನಾಯಕನ ಕಥೆಗೆ ಕೈಹಾಕಿಯಾರು, ಹಾಕಲಿ. ನಾಯಕನಿಗೆ ಎಷ್ಟು ಬಲ ಬೇಕಾದರೂ ಕೊಡಲಿ, ಬೆಟ್ಟ ಎತ್ತಿಸಲಿ, ಕಾಲವನ್ನೇ ತಿರುಗಿಸಲಿ. ಪ್ರತಿಯೊಂದು ಕಂತು ಬರೆದು ಮುಗಿಸಿದಾಗ ಒಂದೇ ಒಂದನ್ನು ಪರೀಕ್ಷಿಸಿ ನೋಡಿದರೆ ಸಾಕು: ಹಿಂದಿನ ಕಂತಿನಲ್ಲಿ ಮಾಡಿದ್ದು ಇವನಿಗೆ ನೆನಪಿದೆಯೆ? ಗೆದ್ದದ್ದಷ್ಟೇ ನೆನಪಿದ್ದರೆ ಸಾಲದು. ಯಾರನ್ನು ಕಳೆದುಕೊಂಡ, ಯಾರಿಗೆ ನೋವು ಕೊಟ್ಟ, ಯಾವುದಕ್ಕಾಗಿ ಹೊರಟಿದ್ದ ಎಂಬುದೂ ನೆನಪಿರಬೇಕು. ಆ ನೆನಪಿರುವವರೆಗೆ ನಾಯಕ ಎಷ್ಟೇ ಎತ್ತರಕ್ಕೆ ಬೆಳೆದರೂ ನಾವು ಅವನನ್ನು ಗುರುತಿಸಬಲ್ಲೆವು.